ಹೇಗ್ ನಗರದಲ್ಲಿ ಬೀರವ್ವನ ಬಾಯಾಗಿ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಶಹಾಪುರದಲ್ಲಿ ಮೊದಲು ಕೇಳುವುದು ಊಟಕ್ಕೆ ಏನು ಮಾಡಿದಿರಿ ಅಂತ. ಆಮೇಲೆ ಚಳಿ ಎಷ್ಟಿತ್ತು ಅಂತ. ಎರಡಕ್ಕೂ ಉತ್ತರ ನನಗೆ ಬಾಯಿಪಾಠವಾಗಿದೆ. ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಟ್ಟಿಕೊಂಡು ಹೋಗಿದ್ದೆವು. ಮೂಗಿನ ತುದಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವಷ್ಟು ಚಳಿ ಇತ್ತು. ಯಾಕೆ ಹೋಗಿದ್ದಿರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಅದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಊಟದ ಮಾತು, ಚಳಿಯ ಮಾತು.

ಸಂಗತಿ ಇಷ್ಟೇ. ಸುರಪುರ ರಸ್ತೆಯ ಕಡೆ ನಮ್ಮದೊಂದು ಮಡ್ಡಿ ಹೊಲ ಇದೆ. ಎತ್ತರದ ನೆಲ, ಕೆಂಪು ಗರಸು, ಎಷ್ಟು ಬಿತ್ತಿದರೂ ಅಷ್ಟಕ್ಕಷ್ಟೆ. ಹೋದ ಬೇಸಿಗೆಯಲ್ಲಿ ನಮ್ಮ ಮನೆಯವರು ಅದನ್ನು ಒಂದು ಸೋಲಾರ್ ಕಂಪನಿಗೆ ಲೀಸಿಗೆ ಕೊಟ್ಟರು. ಈಗ ಅಲ್ಲಿ ಸಾಲು ಸಾಲು ನೀಲಿ ಫಲಕಗಳು, ಸುತ್ತ ತಂತಿ ಬೇಲಿ. ಅದಕ್ಕೆ ಮೊದಲು ಪ್ರತಿ ಚಳಿಗಾಲ ಕಕ್ಕೇರಾ ಕಡೆಯ ಕುರಿ ಹಿಂಡು ಅಲ್ಲಿ ಬಂದು ಇಳಿಯುತ್ತಿತ್ತು. ನಮ್ಮ ಇನ್ನೊಂದು, ಕಪ್ಪು ಮಣ್ಣಿನ ಹೊಲದಲ್ಲಿ ಜೋಳ ನಿಂತಿರುವ ತನಕ ಕುರಿಗಳು ಮಡ್ಡಿಯಲ್ಲಿ ಮೇಯುತ್ತಿದ್ದವು. ಸುಗ್ಗಿ ಮುಗಿದ ಮೇಲೆ ಕಪ್ಪು ಹೊಲಕ್ಕೆ ಬಂದು ರಾತ್ರಿ ತಂಗುತ್ತಿದ್ದವು. ಹಿಕ್ಕೆಯ ಗೊಬ್ಬರ ನಮಗೆ, ಜೋಳ ಅವರಿಗೆ. ಬೇಲಿಯ ಕಂಬ ನೆಡುತ್ತಿದ್ದಾಗ ಕುರಿಗಾರ ಮಾಳಪ್ಪ ನಮ್ಮ ಬಾಗಿಲಿಗೆ ಬಂದು, ಮುಂದಿನ ಸಲ ಎಲ್ಲಿ ಇಳಿಸಲಿ ಎಂದು ಕೇಳಿದ್ದ. ನಮ್ಮವರು, "ಇನ್ನ ಮ್ಯಾಲ ಮಡ್ಡಿಗೆ ಬ್ಯಾಡಪಾ" ಎಂದು ಒಳಗೆ ಬಂದುಬಿಟ್ಟರು. ಅತ್ತೆ ಆಗ ಕಣ್ಣಿನ ಆಪರೇಷನ್‌ಗೆಂದು ಕಲಬುರಗಿಯಲ್ಲಿದ್ದರು. ಮಾಳಪ್ಪ ಕಟ್ಟೆಯ ಮೇಲೆ ಇನ್ನಷ್ಟು ಹೊತ್ತು ಕೂತಿದ್ದು, ಎದ್ದು ಹೋದ.

ಆ ಮಾಳಪ್ಪನ ಹೆಂಡತಿ ಬೀರವ್ವ. ನಾನು ಪರದೇಶಕ್ಕೆ ಹೋದದ್ದು ಅವಳ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು.

ಯಾದಗಿರಿ ಸ್ಟೇಷನ್

ಹೇಗ್ ಎನ್ನುವ ನಗರದಲ್ಲಿ ಬೇರೆ ಬೇರೆ ದೇಶದ ಕಾನೂನು ಪಂಡಿತರು ಸೇರುವವರಿದ್ದರು. ಭೂಮಿ ಬಿಸಿಯಾಗದಂತೆ ತಡೆಯಲು ಎಲ್ಲ ದೇಶಗಳಲ್ಲೂ ಕೆಲಸಗಳು ನಡೆಯುತ್ತಿವೆಯಲ್ಲ, ಗಾಳಿ ಯಂತ್ರ, ಸೋಲಾರು, ಕಾಡು ಬೆಳೆಸುವುದು, ಅಂಥ ಕೆಲಸಗಳಿಂದ ನೆಲ ಕಳೆದುಕೊಂಡವರ ಹೇಳಿಕೆಗಳನ್ನು ಅವರು ಕೇಳಿ ಬರೆದುಕೊಳ್ಳುತ್ತಾರೆ. ಆ ಬರಹ ಮುಂದೆ ಸರಕಾರಗಳಿಗೆ, ಇಂಥ ಕಂಪನಿಗಳಿಗೆ ಸಾಲ ಕೊಡುವ ಬ್ಯಾಂಕುಗಳಿಗೆ ಹೋಗುತ್ತದೆ. ಅವರ ವಿದ್ಯೆಗೆ ಅಂತಾರಾಷ್ಟ್ರೀಯ ಸುಸ್ಥಿರ ಅಭಿವೃದ್ಧಿ ಕಾನೂನು ಎಂದು ಹೆಸರು. ಸುರಪುರದಲ್ಲಿ ಕುರಿಗಾರರ ಒಂದು ಸಂಘ ಇದೆ. ಅವರು ಬೀರವ್ವನನ್ನು ಕಳಿಸುವುದೆಂದು ಗೊತ್ತುಮಾಡಿದರು. ಜೊತೆಗೆ ಹೋಗಬೇಕಾಗಿದ್ದ ಸಂಘದ ಹುಡುಗಿ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಳು. ಇಂಗ್ಲಿಷ್ ಬರುವ ಇನ್ನೊಬ್ಬ ಹೆಂಗಸು ಯಾರು ಎಂದು ಹುಡುಕುವಾಗ ಬೀರವ್ವನೇ, "ಶಹಾಪುರದ ಅಕ್ಕಾರು ಬರಲಿ" ಅಂದಳಂತೆ.

ನಾನು ಕಲಬುರಗಿಯ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಕಲಿಸಿದ ಇಂಗ್ಲಿಷು ಇಪ್ಪತ್ತು ವರ್ಷದಿಂದ ಮಕ್ಕಳ ಹೋಮ್‌ವರ್ಕಿಗೆ, ಔಷಧಿ ಬಾಟಲಿ ಓದುವುದಕ್ಕೆ ಬಿಟ್ಟರೆ ಹೊರಗೆ ಬಂದಿರಲಿಲ್ಲ. ಅದಕ್ಕೇ ನನ್ನನ್ನು ಕರೆದಳು ಅಂದುಕೊಂಡೆ. ನಮ್ಮವರನ್ನು ಕೇಳಿದೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಪೇಪರಿನಿಂದ ತಲೆ ಎತ್ತದೆ, "ಹೋಗಿ ಬಾ. ಅಲ್ಲಿ ಏನಾಗ್ತದ? ಮಾತಾಡ್ತಾರ, ಚಾ ಕುಡೀತಾರ, ಫೋಟೋ ತಕ್ಕೋತಾರ" ಎಂದರು.

ಹೈದರಾಬಾದಿಗೆ ಹೋಗುವ ರೈಲಿಗಾಗಿ ಕಾಯುವಾಗ ಬೀರವ್ವನನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಹೊಸ ಇಳಕಲ್ ಸೀರೆ, ಹಳೆಯ ಕರಿ ಕಂಬಳಿ. ಮಾಳಪ್ಪ ಅವಳನ್ನು ಬಿಡಲು ಬಂದಿದ್ದ. ನನಗೆ ಕೈ ಮುಗಿದ, ನನ್ನ ಮುಖ ನೋಡಲಿಲ್ಲ.

"ಕಂಬಳಿ ಯಾಕ ಬೀರಕ್ಕ? ಸ್ವೆಟರ್ ತಂದೀನಲ್ಲ, ಎರಡು ಅದಾವ," ಅಂದೆ.

"ನಿಮ್ಮ ಸ್ವೆಟರು ನಿಮಗs ಸಾಕಾಗಲಿ ಅಕ್ಕಾರ. ಆಮ್ಯಾಲ ನನ್ನ ಕಂಬಳ್ಯಾಗ ಬರ್ತೀರಿ, ನೋಡ್ರಂತ."

ವಿಮಾನ ನಿಲ್ದಾಣದಲ್ಲಿ ಅವರು ತಡೆದದ್ದು ಕಂಬಳಿಯನ್ನಲ್ಲ, ನನ್ನ ಶೇಂಗಾ ಹಿಂಡಿಯನ್ನು. ಕೆಂಪು ಪುಡಿ ನೋಡಿ ಆ ಹುಡುಗಿಗೆ ಅನುಮಾನ ಬಂದಿತ್ತು. ಡಬ್ಬಿ ತೆರೆದು ಮೂಸಿ ಸೀನಿದಳು. ಅವಳ ಹಿಂದಿದ್ದ ಸಾಹೇಬರು ತೆಲುಗಿನವರು. ವಾಸನೆಯಿಂದಲೇ ಗುರುತು ಹಿಡಿದು ನಕ್ಕು ಬಿಟ್ಟುಬಿಟ್ಟರು.

ಹೇಗ್, ಮಳೆ ಬಂದ ದಿನ

ಅಲ್ಲಿ ಮನೆಗಳಿಗೆ ಪರದೆ ಇಲ್ಲ. ಅಥವಾ ಇದ್ದರೂ ಎಳೆಯುವುದಿಲ್ಲ. ರಸ್ತೆಯಲ್ಲಿ ನಡೆದುಹೋಗುವಾಗ ಪ್ರತಿ ಮನೆಯ ಒಳಗೂ ಕಾಣುತ್ತದೆ, ದೀಪದ ಕೆಳಗೆ ಯಾರೋ ಕೂತು ಓದುತ್ತಿರುತ್ತಾರೆ, ಕಿಟಕಿಯಲ್ಲಿ ಒಂದು ಹೂಕುಂಡ, ಒಂದು ಬೆಕ್ಕು. ನಾನು ಸಂಕೋಚದಿಂದ ಬೇರೆ ಕಡೆ ನೋಡುತ್ತಿದ್ದೆ. ಬೀರವ್ವ ನಿಂತು ನೋಡುತ್ತಿದ್ದಳು. "ನೋಡಬಾರದು ಅಂದ್ರ ಪರದಾ ಹಾಕ್ತಿದ್ರಲ್ರಿ," ಎಂಬುದು ಅವಳ ವಾದ.

ನಾವು ಉಳಿದಿದ್ದು ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಮೇಲಿನ ಕೋಣೆಯಲ್ಲಿ. ಕಾಫಿಯ ಜೊತೆ ಆಕೆ ಡಬ್ಬಿ ತೆರೆದು ತಲೆಗೊಂದು ಬಿಸ್ಕಿಟ್ ಕೊಟ್ಟು, ಡಬ್ಬಿಯನ್ನು ಮುಚ್ಚಿ ಕಪಾಟಿನಲ್ಲಿ ಇಟ್ಟುಬಿಡುತ್ತಿದ್ದಳು. ನಮ್ಮಲ್ಲಿ ತಟ್ಟೆ ತುಂಬ ಇಟ್ಟು, ಒಲ್ಲೆ ಅಂದಷ್ಟೂ ಒತ್ತಾಯ ಮಾಡುತ್ತೇವೆ. ಆಕೆ ಜಿಪುಣಿಯಲ್ಲ, ಕೇಳಿದರೆ ಇನ್ನೊಂದು ಕೊಡುತ್ತಿದ್ದಳು. ಒತ್ತಾಯ ಮಾಡುವುದು ಅಲ್ಲಿ ಮರ್ಯಾದೆಯಲ್ಲ, ಅಷ್ಟೇ.

ಮೊದಲ ಬೆಳಿಗ್ಗೆ ನಾನು ಸೈಕಲ್ಲಿಗೆ ಸಿಕ್ಕಿ ಸಾಯಬೇಕಾಗಿತ್ತು. ರಸ್ತೆಯ ಪಕ್ಕ ಕೆಂಪಗಿನ ಒಂದು ದಾರಿ ಇತ್ತು, ನೀಟಾಗಿತ್ತು, ಅದರ ಮೇಲೆ ನಿಂತು ಕೊಡೆ ಬಿಚ್ಚುತ್ತಿದ್ದೆ. ಗಂಟೆ ಬಾರಿಸುತ್ತ ಒಬ್ಬ ಅಜ್ಜಿ ಗಾಳಿಯ ಹಾಗೆ ಬಂದಳು, ಏನೋ ಅಂದಳು, ಒಳ್ಳೆಯದನ್ನೇನೂ ಅನ್ನಲಿಲ್ಲ. ಬೀರವ್ವ ನನ್ನ ಸೆರಗು ಹಿಡಿದು ಎಳೆದಳು.

"ಅದು ಅವರ ಹಾದಿ ಅದರಿ. ಬಿಟ್ಟು ನಿಲ್ರಿ."

"ನಿನಗ ಹೆಂಗ ಗೊತ್ತಾತು? ಬೇಲಿ ಇಲ್ಲ, ಬೋರ್ಡ್ ಇಲ್ಲ."

"ಎಲ್ಲಾ ಸೈಕಲ್ಲು ಅದರ ಮ್ಯಾಲs ಹೊಂಟಾವ, ಮಂದಿ ಎಲ್ಲಾ ಅದನ್ನ ದಾಟುಮುಂದ ಆ ಕಡೆ ಈ ಕಡೆ ನೋಡ್ತಾರ. ಇನ್ನೇನ ಬೋರ್ಡ್ ಬೇಕ್ರಿ?"

ಸಂಜೆ ಎರಡು ಸ್ವೆಟರಿನ ಮೇಲೆ ಶಾಲು ಹೊದ್ದರೂ ನಡುಗುತ್ತಿದ್ದೆ. ಬೀರವ್ವನ ಕಂಬಳಿ ಮಳೆಯಲ್ಲಿ ತೊಯ್ದಿತ್ತು. ಕೋಣೆಯ ಹೀಟರಿನ ಮೇಲೆ ಒಣಗಲು ಹಾಕಿದೆವು. ಅದು ನನ್ನ ಉಪಾಯ. ಸ್ವಲ್ಪ ಹೊತ್ತಿಗೆ ಇಡೀ ಮನೆ ಕುರಿ ಹಟ್ಟಿಯಾಯಿತು. ಮನೆಯೊಡತಿ ಮೇಲೆ ಬಂದು ಬಾಗಿಲು ತಟ್ಟಿದಳು. ಕ್ಷಮೆ ಕೇಳಲು ವಾಕ್ಯ ಜೋಡಿಸುತ್ತಿದ್ದೆ. ಆಕೆ ಕಂಬಳಿಯನ್ನು ಮುಟ್ಟಿ, ಮೂಗಿಗೆ ಹಿಡಿದು, ತಾನು ಸಣ್ಣವಳಿದ್ದಾಗ ತನ್ನ ತಾತನ ಕೋಟು ಹೀಗೇ ನಾರುತ್ತಿತ್ತು ಎಂದಳು. ಆಮೇಲೆ ಕಿಟಕಿಗಳನ್ನೆಲ್ಲ ತೆರೆದಳು. ಬೀರವ್ವ ಹೇಳಿದ ಹಾಗೆ ರಾತ್ರಿ ನಾನು ಅವಳ ಕಂಬಳಿಯೊಳಗೇ ಮಲಗಿದೆ.

ಸಮುದ್ರದ ಏರಿ

ಮರೈಕ ಎಂಬ ಕಾನೂನು ಪಾಠದ ಟೀಚರು ನಮ್ಮನ್ನು ನೋಡಿಕೊಳ್ಳುತ್ತಿದ್ದರು. ಉದ್ದನೆಯ ಹೆಂಗಸು, ಮಳೆಯಲ್ಲಿ ಕೊಡೆ ಹಿಡಿಯುವುದಿಲ್ಲ. ಹೇಳಿಕೆಯ ಹಿಂದಿನ ದಿನ ಅವರು ನಮ್ಮನ್ನು ಕಾರಿನಲ್ಲಿ ಊರ ಹೊರಗೆ ಏರಿ ತೋರಿಸಲು ಕರೆದುಕೊಂಡು ಹೋದರು. ನಮ್ಮ ಕೆರೆಗಳಿಗೆ ಇರುವಂಥದೇ ಮಣ್ಣಿನ ಏರಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಲ, ಮನೆ. ಹೊಲವೇ ಸಮುದ್ರಕ್ಕಿಂತ ತಗ್ಗಿನಲ್ಲಿದೆ. ನಮ್ಮ ಕಡೆಯ ಬಸವಸಾಗರ ಅಣೆಕಟ್ಟಿನ ನೀರಿಗಿಂತ ಕೆಳಗಿನ ಹಳ್ಳಿಗಳು ನೆನಪಾದವು. ಗೇಟು ತೆರೆದ ದಿನ ಅಲ್ಲಿಯವರ ಮುಖ ನೆನಪಾಯಿತು. ಇಲ್ಲಿಯವರು ದಿನವೂ ಆ ಮುಖ ಇಟ್ಟುಕೊಂಡು ಬದುಕಿರಬೇಕು ಅಂದುಕೊಂಡರೆ, ಎಲ್ಲರೂ ನಾಯಿ ಅಡ್ಡಾಡಿಸುತ್ತಿದ್ದರು.

ಏರಿಯ ಹುಲ್ಲಿನ ಮೇಲೆ ಕುರಿಗಳು. ಬೀರವ್ವ ಕಾರಿನಿಂದ ಇಳಿದವಳೇ ನನ್ನನ್ನು ಬಿಟ್ಟು ಹತ್ತಿಹೋದಳು. ಅವಳ ಹಿಂದೆ ಹೋದ ನಾನು ಅರ್ಧಕ್ಕೇ ಜಾರಿ ಕೂತೆ, ಸೀರೆಗೆಲ್ಲ ಕೆಸರು.

"ಕುರಿ ಕಾಯೋರು ಎಲ್ಲಿ ಹೋಗ್ಯಾರ್ರಿ?" ಎಂದು ಅವಳು ಮೇಲಿಂದ ಕೂಗಿದಳು.

ಕಾಯುವವರಿಲ್ಲ ಎಂದರು ಮರೈಕ. ಸುತ್ತಲೂ ಕಾಲುವೆ ಇದೆ, ಕುರಿ ನೀರು ದಾಟುವುದಿಲ್ಲ, ವಾರಕ್ಕೊಮ್ಮೆ ಯಾರೋ ಬಂದು ನೋಡುತ್ತಾರೆ.

ಬೀರವ್ವ ಒಂದು ಕುರಿಯ ಬೆನ್ನಿಗೆ ಕೈ ಹಾಕಿ ಉಣ್ಣೆ ಬಿಡಿಸಿ ನೋಡಿದಳು. "ಉಣ್ಣೆ ಬಾಳ ಅದ. ಕಾಲು ಸಣ್ಣವು. ಇದು ಕಕ್ಕೇರಾದಿಂದ ನಮ್ಮ ಜೋಡಿ ಹೊಂಟ್ರ ಸುರಪುರದಾಗs ಕುಂತು ಬಿಡ್ತದ."

ಕುರಿಗಳನ್ನು ಅಲ್ಲಿ ಬಿಟ್ಟಿರುವುದು ಬೇಕೆಂದೇ ಅಂತೆ. ಅವು ಮೇಯ್ದರೆ ಹುಲ್ಲು ಗಿಡ್ಡಗೆ, ದಟ್ಟಗೆ ಬೆಳೆದು ಬೇರು ಮಣ್ಣನ್ನು ಹಿಡಿಯುತ್ತದೆ, ಗೊರಸು ತುಳಿದು ಏರಿ ಗಟ್ಟಿಯಾಗುತ್ತದೆ. ಸಮುದ್ರ ಏರುತ್ತಿರುವ ಕಾಲದಲ್ಲಿ ಅದು ಬಹಳ ಬೇಕಾದ ಕೆಲಸ. ನಾನು ಹೇಳಿದ್ದನ್ನು ಕೇಳಿ ಬೀರವ್ವ ಹುಲ್ಲನ್ನು ಕಾಲಿನಿಂದ ಒತ್ತಿ ನೋಡಿದಳು.

"ಕುರಿಯಿಂದ ಇವರು ಉಳದಾರ ಅಂತಾತು. ಅದಕ್ಕs ಕುರಿಗೆ ಜಾಗಾ ಕೊಟ್ಟಾರ."

ಏರಿಯ ಮೇಲೆ ಕೂತು ರೊಟ್ಟಿ ಮುರಿಯುತ್ತ ಮರೈಕ ತಮ್ಮ ಕಾನೂನಿನ ಬಗ್ಗೆ ಹೇಳಿದರು, ನಾನು ಬೀರವ್ವನಿಗೆ ಹೇಳಿದೆ. ಹವೆ ಕೆಡದಂತೆ ನೋಡಿಕೊಳ್ಳುವುದು ಎಲ್ಲ ದೇಶಗಳ ಹೊಣೆ. ಆದರೆ ಹೆಚ್ಚು ಹೊಗೆ ಬಿಟ್ಟವರ ಹೊಣೆ ಹೆಚ್ಚು. ಈಗಿನವರು ಬದುಕಬೇಕು, ಆದರೆ ಇನ್ನೂ ಹುಟ್ಟದವರ ಪಾಲನ್ನು ತಿಂದು ಹಾಕಬಾರದು. ಒಂದು ಕೆಲಸದಿಂದ ಯಾರಿಗೆ ತೊಂದರೆಯಾಗುತ್ತದೋ ಅವರನ್ನು ಮೊದಲೇ ಕೇಳಬೇಕು. ಇಷ್ಟೂ ಒಪ್ಪಂದಗಳಲ್ಲಿ, ತೀರ್ಪುಗಳಲ್ಲಿ ಇದೆ. ಕೇಳದೆ ಮಾಡಿದರೆ ಏನು ಎಂಬುದು ಮಾತ್ರ ಬಹಳ ಕಡೆ ಗಟ್ಟಿಯಾಗಿಲ್ಲ.

"ಹುಟ್ಟದವರ ಪಾಲು ಎತ್ತಿಡೋದು ಚಲೋ ಅದ," ಅಂದಳು ಬೀರವ್ವ. "ನಾವೂ ಹುಟ್ಟೋ ಮರಿ ಲೆಕ್ಕಾ ಹಿಡದs ಮೇವು ನೋಡ್ತೀವಿ. ಆದ್ರ ಇವತ್ತ ಹೊಟ್ಟಿ ಹಸದು ನಿಂತದ್ದಕ್ಕ ಏನಂತಾರ, ಅದನ್ನ ಕೇಳ್ರಿ."

ನಾನು ಕೇಳಿದೆ. ಅದಕ್ಕೇ ನಿಮ್ಮನ್ನು ಕರೆಸಿದ್ದು ಎಂದರು ಮರೈಕ. ಹಿಂಡಿ ಅವರಿಗೆ ಖಾರವಾಗಿ ಕಣ್ಣಲ್ಲಿ ನೀರು ಬಂದಿತ್ತು, ಇನ್ನೊಂದು ಚಿಟಿಕೆ ತೆಗೆದುಕೊಂಡರು.

ವಾಪಸು ಬರುವಾಗ ಅವರು ನನಗೆ ದುಭಾಷಿಯ ನಿಯಮ ಹೇಳಿಕೊಟ್ಟರು. ಹೇಳದ್ದನ್ನು ಸೇರಿಸಬಾರದು, ಹೇಳಿದ್ದನ್ನು ಬಿಡಬಾರದು. 'ಆಕೆ ಹೀಗೆನ್ನುತ್ತಾಳೆ' ಎನ್ನಬಾರದು, 'ನಾನು' ಎಂದೇ ಹೇಳಬೇಕು. ನನ್ನ ಸ್ವಂತ ಮಾತೇನಾದರೂ ಇದ್ದರೆ ಕೈ ಎತ್ತಿ, ಇದು ದುಭಾಷಿಯ ಮಾತು ಎಂದು ತಿಳಿಸಿ ಆಮೇಲೆ ಹೇಳಬೇಕು. ನನಗೇನು ಸ್ವಂತ ಮಾತಿರುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಹೇಳಿಕೆಯ ಕೋಣೆ

ದೊಡ್ಡ ಹಾಲ್ ಇರುತ್ತದೆ, ಕರಿ ಕೋಟಿನವರು ಇರುತ್ತಾರೆ ಎಂದೆಲ್ಲ ಹೆದರಿದ್ದೆ. ಅದು ಕಾಲೇಜಿನ ಒಂದು ಕೋಣೆ. ಉದ್ದನೆಯ ಮೇಜು, ಆ ಕಡೆ ಮೂವರು, ಮರೈಕ ನಡುವೆ. ಎಡಕ್ಕೆ ಬ್ಯಾಂಕುಗಳ ಪರವಾಗಿ ಬಂದ ಒಬ್ಬ ವಕೀಲರು, ಬಲಕ್ಕೆ ಬೇರೆ ದೇಶದ ಒಬ್ಬ ಪ್ರೊಫೆಸರು. ಹಿಂದೆ ಕುರ್ಚಿಗಳಲ್ಲಿ ಹತ್ತಿಪ್ಪತ್ತು ಜನ. ನಮಗಿಂತ ಮೊದಲು ಒಬ್ಬ ಮೀನುಗಾರ ಹೇಳಿಕೆ ಕೊಟ್ಟು ಕಣ್ಣು ಒರೆಸಿಕೊಂಡು ಎದ್ದಿದ್ದ.

ಹೆಸರು, ಕೆಲಸ ಕೇಳಿದರು.

"ನನ್ನ ಹೆಸರು ಬೀರವ್ವ. ನಾನು ಕುರಿ ಕಾಯುವವಳು," ಎಂದೆ ನಾನು ಇಂಗ್ಲಿಷಿನಲ್ಲಿ. ನನ್ನ ಕೊರಳಲ್ಲಿ ಮುತ್ತಿನ ಸರ, ಕೈಯಲ್ಲಿ ಬಂಗಾರದ ಬಳೆ. ಯಾರೂ ನಗಲಿಲ್ಲ. ಅವರೆಲ್ಲ ಬೀರವ್ವನ ಮುಖ ನೋಡುತ್ತಿದ್ದರು, ನನ್ನ ದನಿ ಕೇಳುತ್ತಿದ್ದರು.

ಬೇಲಿ ಹಾಕುವ ಮೊದಲು ನಿಮ್ಮನ್ನು ಯಾರಾದರೂ ಕೇಳಿದ್ದರೇ ಎಂದರು ಪ್ರೊಫೆಸರು.

"ನನಗ ಯಾಕ ಕೇಳ್ತಾರ್ರಿ?" ಅಂದಳು ಬೀರವ್ವ. "ಹೊಲ ನಂದಲ್ಲ. ಹೊಲದವರು ಕೊಟ್ಟಾರ, ಕಂಪನಿಯವರು ತಗೊಂಡಾರ."

ಈ ಒಂದು ಮಾತಿನಿಂದ ಎಲ್ಲ ಮುಗಿಯಿತು ಎಂದು ನನಗೆ ಗೊತ್ತಾಯಿತು. ನೆಲದ ಮೇಲೆ ಹಕ್ಕಿದೆ, ತಲೆತಲಾಂತರದಿಂದ ಇದ್ದೇವೆ ಎಂದು ಹೇಳಲಿಕ್ಕೇ ಎಲ್ಲರೂ ಅಲ್ಲಿಗೆ ಬಂದಿದ್ದರು. ನನ್ನ ನಾಲಿಗೆಯ ತುದಿಗೆ ಒಂದು ವಾಕ್ಯ ಬಂದು ನಿಂತಿತ್ತು: ಆದರೆ ನಾವು ಯಾವಾಗಲೂ ಅಲ್ಲಿಗೆ ಬರುತ್ತಿದ್ದೆವು. ನಾನದನ್ನು ನುಂಗಿ, ಅವಳು ಹೇಳಿದಷ್ಟನ್ನೇ ಹೇಳಿದೆ. ವಕೀಲರು ಪೆನ್ನು ಕೆಳಗಿಟ್ಟರು.

ಹಾಗಾದರೆ ಹೊಲದವರು ಬೇಡ ಎನ್ನಬಹುದು ಎಂದು ನೀವು ಒಪ್ಪುತ್ತೀರಾ ಎಂದು ಕೇಳಿದರು ಅವರು.

"ಹೌದ್ರಿ. ಬ್ಯಾಡ ಅನ್ನೋದು ಹೊಲದವರ ಕೈಯಾಗ ಅದ. ಬಿತ್ತ್ಯಾರೋ, ನೆಲ ಹಸಿ ಅದನೋ, ಮನ್ಯಾಗ ಸಾವಾಗ್ಯದೋ, ಬ್ಯಾಡ ಅಂತಾರ. ನಾವು ಸಿಟ್ಟಾಗಂಗಿಲ್ಲ. ಆದ್ರ ಬ್ಯಾಡ ಅಂದೋರು ಬ್ಯಾರೆ ಜಾಗಾ ತೋರಸಬೇಕು. ಜಾಗಾ ತೋರಿಸಿ, ನೀರು ಎಲ್ಲದ ಹೇಳಿ, ಆಮ್ಯಾಲ ಬಾಗಲಾ ಹಾಕ್ಕೋಬೇಕು. ಹಿಂಡು ನಿಲ್ಲಿಸಿ ಬರೇ ಬ್ಯಾಡ ಅನ್ನಾಂಗಿಲ್ರಿ. ಅದು ನಮ್ಮ ಕಡೆ ರಿವಾಜು."

ಇದನ್ನು ಹೇಳುವಾಗ ನನಗೆ ನನ್ನ ಅತ್ತೆ ಕಂಡರು. ಮದುವೆಯಾಗಿ ಬಂದ ವರ್ಷದಿಂದ ನೋಡಿದ್ದೇನೆ. ಕುರಿಗಾರರು ಬಂದು ಕೇಳುತ್ತಾರೆ, ಅತ್ತೆ, "ಇಲ್ಲಿ ಬ್ಯಾಡೋ, ಕಡ್ಲಿ ಹಾಕೇವಿ. ಹಳ್ಳದ ಬಾಜು ಹೋಗ್ರಿ, ಅಲ್ಲೇ ಒರತಿ ನೀರದ," ಅನ್ನುತ್ತಾರೆ. ಎಷ್ಟು ಸಲ ಕೇಳಿದ್ದೆ. ಹಿರಿಯರ ಮರ್ಯಾದೆ, ಒಳ್ಳೆಯ ಮನಸ್ಸು ಎಂದುಕೊಂಡಿದ್ದೆ. ಅದು ಕಾನೂನು ಎಂದು ಗೊತ್ತಾಗಲು ನಾನು ಸಮುದ್ರಗಳನ್ನು ದಾಟಿ ಬಂದು ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಾಯಿತು.

ಇದು ಎಲ್ಲಾದರೂ ಬರೆದಿದೆಯೇ ಎಂದರು ವಕೀಲರು. "ಇಲ್ರಿ." ಯಾರಾದರೂ ಹೀಗೆ ಮಾಡದಿದ್ದರೆ ಏನು?

"ಗೊತ್ತಿಲ್ರಿ. ಹಂಗ ಯಾರೂ ಮಾಡಿದ್ದಿಲ್ಲ. ಈಗ ಒಬ್ಬರು ಮಾಡ್ಯಾರ."

ಯಾರು, ಕಂಪನಿಯವರೇ ಎಂದು ಕೇಳಿದರು ಮರೈಕ.

"ಕಂಪನಿಯವರು ನಿನ್ನೆ ಬಂದೋರು, ಅವರಿಗೆ ನಮ್ಮ ರಿವಾಜು ಏನ್ ಗೊತ್ರಿ. ಹೊಲದ ಮನಿಯವರು." ಬೀರವ್ವ ಇದನ್ನು ನೇರವಾಗಿ ಮರೈಕರ ಮುಖ ನೋಡಿ ಹೇಳಿದಳು. ನನ್ನ ಕಡೆ ತಿರುಗಲಿಲ್ಲ.

"ಆ ಹೊಲದ ಮನೆಯವರು," ಎಂದೆ. ನಿಯಮದ ಪ್ರಕಾರ ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಮೇಜಿನ ಮೇಲೆ ನೀರಿನ ಲೋಟ ಇತ್ತು, ಅದರ ಅಂಚಿನಲ್ಲಿ ಒಂದು ಸಣ್ಣ ಬಿರುಕು. ನಾನದನ್ನು ನೋಡುತ್ತ ಕೈ ಎತ್ತಿದೆ.

"ಇದು ದುಭಾಷಿಯ ಮಾತು. ಆ ಮನೆ ನನ್ನದು. ಹಾಗೆ ಹೇಳಿದವರು ನನ್ನ ಗಂಡ."

ಹಿಂದಿನ ಸಾಲಿನಲ್ಲಿ ಯಾರದೋ ಕುರ್ಚಿ ಸದ್ದು ಮಾಡಿತು. ವಕೀಲರು ಬಹಳ ಸಭ್ಯವಾಗಿ, ಈ ಹೇಳಿಕೆಯನ್ನು ದಾಖಲಿಸುವುದು ಕಷ್ಟ ಎಂದರು. ಎದುರಿನ ಪಕ್ಷದ ಮನೆಯವರೇ ದುಭಾಷಿಯಾದರೆ ಯಾವ ಮಾತು ಯಾರದೆಂದು ಹೇಗೆ ತಿಳಿಯಬೇಕು? ಅವರ ಮಾತು ನ್ಯಾಯವಾಗಿತ್ತು. ಹೇಳಿಕೆ ಬಿದ್ದುಹೋದರೆ ಬೀರವ್ವ ಇಷ್ಟು ದೂರ ಬಂದದ್ದು ದಂಡ, ಅದೂ ನನ್ನ ಬಾಯಿಂದ. ಮರೈಕ, ಪಕ್ಕದ ಊರಿನ ಕಾಲೇಜಿನಲ್ಲಿ ಕನ್ನಡದ ಒಬ್ಬ ವಿದ್ಯಾರ್ಥಿನಿ ಇದ್ದಾಳೆ, ಮಧ್ಯಾಹ್ನಕ್ಕೆ ಕರೆಸಬಹುದು, ಬೀರವ್ವನಿಗೆ ಒಪ್ಪಿಗೆಯೇ ಕೇಳಿ ಎಂದರು. ನಾನು ಕೇಳಿದೆ.

"ಬ್ಯಾಡಂತ ಹೇಳ್ರಿ," ಅಂದಳು ಬೀರವ್ವ. "ಗೊತ್ತಿದ್ದs ಇವರನ್ನ ಕರಕೊಂಡ ಬಂದೀನಿ. ನಾ ಹೇಳಿದ್ರ ಇವರ ಮನಿ ಗೌಡರ ಕಿವಿಗೆ ಬೀಳಂಗಿಲ್ಲ. ನಮ್ಮ ಮನಿಯವ ಹೇಳ್ಯಾನ, ಬಿದ್ದಿಲ್ಲ. ಈ ಅಕ್ಕಾರು ನನ್ನ ಮಾತು ತಮ್ಮ ಬಾಯಿಲೆ ಹೇಳಬೇಕಾಗಿತ್ತು. ಒಂದ ಸಲ ಹೇಳಿದ್ರ ಅವರ ಬಾಯಾಗ ಉಳೀತದ, ಮನಿಗೆ ಒಯ್ತಾರ."

ಅದನ್ನೂ ನಾನೇ ಹೇಳಬೇಕಾಯಿತು, 'ನಾನು' ಎಂದೇ. ನಾನು ಗೊತ್ತಿದ್ದೇ ಇವರನ್ನು ಕರೆತಂದಿದ್ದೇನೆ. ಕಾನ್ವೆಂಟಿನಲ್ಲಿ ಕಲಿತ ಯಾವ ಪಾಠದಲ್ಲೂ ಇಂಥ ವಾಕ್ಯ ಇರಲಿಲ್ಲ. ಕಡೆಗೆ ಮೂವರೂ ತಲೆ ಕೂಡಿಸಿ ಮಾತಾಡಿ, ಹೇಳಿಕೆಯನ್ನು ಇಟ್ಟುಕೊಳ್ಳುವುದು, ದುಭಾಷಿ ಯಾರೆಂಬುದನ್ನೂ ಅದರಲ್ಲಿ ಬರೆಯುವುದು ಎಂದು ಗೊತ್ತುಮಾಡಿದರು. ವಕೀಲರು ಕೆಳಗಿಟ್ಟ ಪೆನ್ನನ್ನು ಮತ್ತೆ ತೆಗೆದುಕೊಂಡರು.

ಸಮುದ್ರದ ದಂಡೆ

ಚಹಾ ಕುಡಿಯುವಾಗ ಪ್ರೊಫೆಸರು ಬಂದು ಕೂತರು. ನಮ್ಮ ಕಾನೂನಿನಲ್ಲಿ ಬೇಡ ಎನ್ನುವವರು ಕಾರಣ ಕೊಡಬೇಕು, ಕೆಲವು ಕಡೆ ಪರಿಹಾರ ಕೊಡಬೇಕು, ಆದರೆ ಬೇಡ ಎಂದ ಬಾಯಿಂದಲೇ ಇನ್ನೊಂದು ದಾರಿ ತೋರಿಸಬೇಕು ಎಂಬ ಮಾತನ್ನು ಹೀಗೆ ನೇರವಾಗಿ ಯಾರೂ ಇಟ್ಟಿರಲಿಲ್ಲ ಎಂದರು. ಬರೆಯುತ್ತೇವೆ ಎಂದರು. ಬೀರವ್ವ ಕೇಳಿದ್ದು ಒಂದೇ: "ಎಳ್ಳಮಾಸಿ ಒಳಗ ಆಗ್ತದೇನ್ರಿ?"

ಎಳ್ಳಮಾವಾಸ್ಯೆ ಎಂದರೇನೆಂದು ವಿವರಿಸಿ ಹೇಳಿದೆ. ಹೊಲಕ್ಕೆ ಹೋಗಿ ಭೂಮಿತಾಯಿಗೆ ಅಡುಗೆಯ ಚರಗ ಚೆಲ್ಲುವ ಹಬ್ಬ, ಅದಾದ ಮೇಲೆ ಹಿಂಡು ನಮ್ಮ ಕಡೆ ಬರುತ್ತದೆ. ಅವರು ಸುಳ್ಳು ಹೇಳಲಿಲ್ಲ. ವರ್ಷಗಳು ಬೇಕು ಎಂದರು. ದೇಶಗಳು ಓದಬೇಕು, ಒಪ್ಪಬೇಕು.

"ಅಲ್ಲಿತನ ಕುರಿ ಎಲ್ಲಿ ನಿಲ್ತಾವ?" ಎಂದಳು. ಅದನ್ನೂ ನಾನು ಇಂಗ್ಲಿಷಿನಲ್ಲಿ ಕೇಳಿದೆ. ಮರೈಕ ನನ್ನ ಕಡೆ ನೋಡಿ, ಕಣ್ಣು ಬೇರೆ ಕಡೆ ಹೊರಳಿಸಿದರು.

ಸಂಜೆ ಸಮುದ್ರದ ದಂಡೆಗೆ ಹೋದೆವು. ಅಷ್ಟು ಚಳಿಯಲ್ಲೂ ಅಲ್ಲಿಯವರು ಐಸ್‌ಕ್ರೀಮ್ ತಿನ್ನುತ್ತಿದ್ದರು. ಬೀರವ್ವ ಮೊಮ್ಮಕ್ಕಳಿಗೆಂದು ಚಿಪ್ಪು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ನಾನು ಕಂಬಳಿಯ ಅರ್ಧದಲ್ಲಿದ್ದೆ.

"ನನ್ನ ಮ್ಯಾಲ ಸಿಟ್ಟದೇನು ಬೀರಕ್ಕ?"

"ಸಿಟ್ಟಿದ್ರ ಬ್ಯಾರೇದವರನ್ನ ಕರಕೊಂಡ ಬರ್ತಿದ್ದೆ."

"ನಾ ಕೈ ಎತ್ತತೀನಿ ಅಂತ ಗೊತ್ತಿತ್ತೇನು?"

"ಅದು ಗೊತ್ತಿರಲಿಲ್ರಿ," ಅಂದಳು. ಸ್ವಲ್ಪ ದೂರ ನಡೆದ ಮೇಲೆ, "ಎತ್ತದಿದ್ರೂ ನಡೀತಿತ್ತು. ಎತ್ತಿದ್ರಿ, ಚಲೋ ಆತು" ಎಂದು ಸೇರಿಸಿದಳು.

ಶಹಾಪುರ

ಮನೆಗೆ ಬಂದ ದಿನವೇ ನಮ್ಮವರಿಗೆ ಹೇಳಿದೆ. ಅಕ್ಕಿ ಆರಿಸುತ್ತ ಹೇಳಿದೆ, ಇಲ್ಲದಿದ್ದರೆ ಹೇಳಲಾಗುತ್ತಿರಲಿಲ್ಲ.

"ಪರದೇಶದ ಮಂದಿ ಮುಂದ ಗಂಡನ ಹೆಸರು ತಗದು ಬಂದಿ ಅಂದಂಗಾತು," ಅಂದರು.

"ಹೆಸರು ತಗದಿಲ್ಲ. ಗಂಡ ಅಂದೀನಿ."

"ಬಾಳ ಉಪಕಾರ ಆತು." ಆಮೇಲೆ ದನಿ ಏರಿಸದೆ, "ನಾ ಏನ್ ಕಳ್ಳತನ ಮಾಡೀನೇನು? ಬಂಜರು ನೆಲ, ಕರೆಂಟ್ ತಯಾರಾಗ್ತದ. ಕಲ್ಲಿದ್ದಲ ಸುಡೋದು ಕಡಿಮಿ ಆಗ್ತದ. ಅದೂ ಕೆಟ್ಟದ್ದೇನು?"

"ಕೆಟ್ಟದ್ದಂತ ಯಾರೂ ಅಂದಿಲ್ರಿ. ಬೀರವ್ವನೂ ಅಂದಿಲ್ಲ. ಜಾಗಾ ಕೇಳ್ಯಾಳ ಅಷ್ಟ."

"ಎಲ್ಲಿಂದ ತರಲಿ ಜಾಗಾ? ಕಪ್ಪು ಹೊಲದಾಗ ಜೋಳ ನಿಂತದ. ತೊಗರಿ ಹೊಲಾ ಒಂದದ, ರಾಶಿ ಆದ ಕೂಡಲೇ ಅದನ್ನ ರಂಟಿ ಹೊಡಸಬೇಕು, ಶೇಂಗಾ ಹಾಕಬೇಕು."

ಅತ್ತೆ ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. ಕಣ್ಣು ಆಪರೇಷನ್ ಆದ ಮೇಲೆ ಅವರಿಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಬತ್ತಿ ಹೊಸೆಯುವಾಗ ಈಗಲೂ ಕಣ್ಣು ಮುಚ್ಚಿಕೊಳ್ಳುತ್ತಾರೆ. "ಮಾಳಪ್ಪಗ ಎಲ್ಲಿ ಹೋಗಂತ ಹೇಳಿದ್ದಿ?" ಎಂದು ಮಗನನ್ನು ಕೇಳಿದರು.

"ಏನೂ ಹೇಳಿದ್ದಿಲ್ಲ."

"ಏನೂ ಹೇಳಿದ್ದಿಲ್ಲ?" ಅತ್ತೆ ಕಣ್ಣು ತೆರೆದರು. ನಮ್ಮವರು ಎದ್ದು ಹೊರಗೆ ಹೋದರು.

ಎಳ್ಳಮಾವಾಸ್ಯೆ ಬಂತು. ಹೊಲಕ್ಕೆ ಹೋಗಿ ಬಜ್ಜಿ, ಸಜ್ಜಿ ಕಡುಬು ಉಂಡು, ಚರಗ ಚೆಲ್ಲಿ ಬಂದೆವು. ತೊಗರಿ ರಾಶಿ ಆಗಿತ್ತು. ರಂಟಿ ಹೊಡೆದು ಉಳಲು ಟ್ರ್ಯಾಕ್ಟರಿನವನಿಗೆ ಹೇಳಿ ಕಳಿಸಿದ್ದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಕೇಳಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಕಕ್ಕೇರಾ ಕಡೆಯ ಹಿಂಡು ಹತ್ತಿರ ಬಂದಿದೆ ಎಂದು ಹಾಲಿನವನು ಹೇಳಿದ. ಅತ್ತೆ ನನ್ನ ಮುಖ ನೋಡಿದರು. ನಾನು ತೊಗರಿ ಹೊಲದ ಬಾವಿಗೆ ಹೋಗಿ ಮೋಟರು ಹಾಕಿ ಬಂದೆ.

ಸಂಜೆ ಮಾಳಪ್ಪ ಬಂದ. ಮಡ್ಡಿಯ ಬೇಲಿ ಅವನು ದಾರಿಯಲ್ಲಿ ನೋಡಿಕೊಂಡೇ ಬಂದಿರುತ್ತಾನೆ. ಆದರೂ ಕಟ್ಟೆಯ ಕೆಳಗೆ ನಿಂತು ಯಾವಾಗಿನ ಹಾಗೇ ಕೇಳಿದ.

"ಗೌಡ್ರ, ಹಿಂಡು ಬಂದದರಿ. ಮಡ್ಡಿಗೆ ಇಳಸಲೇನ್ರಿ?"

ನಮ್ಮವರು ಕುರ್ಚಿಯಲ್ಲಿ ಕೂತಿದ್ದರು. "ಮಡ್ಡಿಗೆ ಬ್ಯಾಡ ಮಾಳಪ್ಪ. ಬೇಲಿ ಆಗ್ಯದ," ಎಂದರು.

ಮಾಳಪ್ಪ ನಿಂತೇ ಇದ್ದ. ದೂರದಲ್ಲಿ ಕುರಿಗಳ ಸದ್ದು. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದ್ದರು. ಬಾಗಿಲಲ್ಲಿ ನಿಂತಿದ್ದ ನನ್ನ ಬಾಯಲ್ಲಿ ಹೇಗ್‌ನಲ್ಲಿ ಆಡಿದ ಅಷ್ಟೂ ಮಾತುಗಳಿದ್ದವು, ಕನ್ನಡದಲ್ಲಿ. ನಮ್ಮವರು ಹಿಂತಿರುಗಿ ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಬಗ್ಗಿ ಚಪ್ಪಲಿ ಹುಡುಕಿದರು.

"ತೊಗರಿ ಹೊಲಾ ಖಾಲಿ ಆಗ್ಯದ. ರಂಟಿ ಹೊಡಸಿಲ್ಲ. ಬಾ, ತೋರಸ್ತೀನಿ."

ಅವರು ಮುಂದೆ, ಮಾಳಪ್ಪ ಹಿಂದೆ. ಸ್ವಲ್ಪ ಹೊತ್ತಿಗೆ ನಮ್ಮ ಮನೆಯ ಮುಂದಿನ ರಸ್ತೆ ತುಂಬ ಕುರಿಗಳು, ಧೂಳು. ಎಲ್ಲಕ್ಕೂ ಹಿಂದೆ ಸಾಮಾನು ಹೇರಿದ ಕುದುರೆ ಹಿಡಿದುಕೊಂಡು ಬೀರವ್ವ. ಕುದುರೆಯ ಮೇಲೆ ಮೊಮ್ಮಗು, ಅದರ ಕೊರಳಲ್ಲಿ ದಾರಕ್ಕೆ ಪೋಣಿಸಿದ ಸಮುದ್ರದ ಚಿಪ್ಪು.

"ಏನ್ರಿ ಅಕ್ಕಾರ, ಇವತ್ತ ನಿಮ್ಮ ಇಂಗ್ಲಿಷಿಗೆ ಕೆಲಸ ಇಲ್ಲದಂಗಾತು," ಅಂದಳು.

ನಾನು ನಕ್ಕೆ. ಅವಳು ಹೋಗಲಿಲ್ಲ. ಕುದುರೆಯ ಹಗ್ಗ ಹಿಡಿದು ನನ್ನ ಮುಖ ನೋಡುತ್ತ ನಿಂತಳು. ಜಾಗ ತೋರಿಸಿ ಆಗಿತ್ತು, ಇನ್ನೊಂದು ಮಾತು ಬಾಕಿ ಇತ್ತು.

"ಬಾವಿ ಬಾಜು ತೊಟ್ಟಿ ಅದ ಬೀರಕ್ಕ," ಎಂದೆ. "ಮುಂಜಾನೆ ತುಂಬಿಸಿ ಬಂದೀನಿ."

ಅವಳು ತಲೆ ಆಡಿಸಿ, ಕುದುರೆಯನ್ನು ತಿರುಗಿಸಿದಳು.